ರಿಪೋರ್ಟು ಬಂದ ದಿನ

ಲೆಕ್ಕಕ್ಕೆ ನಾವು ಅಂಜಿದವರಲ್ಲ. ಹನ್ನೆರಡು ವರ್ಷಗಳಿಂದ ಸರಕಾರಿ ಕಚೇರಿಯ ಪೆನ್ಶನ್ ವಿಭಾಗದಲ್ಲಿ ಗುಮಾಸ್ತರಾಗಿ ಕುಳಿತು ಪರರ ಮೂಲವೇತನ, ತುಟ್ಟಿಭತ್ಯೆ, ಬಾಕಿಗಳನ್ನು ಕೂಡಿಸಿ ಕಳೆಯುವುದೇ ನಮ್ಮ ಅನ್ನದ ದಾರಿಯಾಗಿದೆ. ಬಿ.ಎ.ಯಲ್ಲಿ ಓದಿದ್ದು ಇತಿಹಾಸ, ಕೈಗೆ ಬಂದದ್ದು ಅಂಕಿಗಳು! ಎಷ್ಟು ದೊಡ್ಡ ಮೊತ್ತ ಮೇಜಿಗೆ ಬಂದರೂ ನಮ್ಮ ಎದೆ ನಡುಗಿದ್ದಿಲ್ಲ. ಆದರೆ ಹೋದ ವರ್ಷ ಶ್ರಾವಣದ ಒಂದು ಶನಿವಾರ ರಾತ್ರಿ 88 ಎಂಬ ಸಣ್ಣ ಅಂಕಿಯೊಂದು ನಮ್ಮ ನಿದ್ದೆ ಕೆಡಿಸಿ ಅಡುಗೆಮನೆಯ ನೆಲದ ಮೇಲೆ ಕೂಡಿಸಿತು. ಆ ಕಥೆಯನ್ನು ಸಂಘದ ಬಂಧುಗಳ ಮುಂದೆ ಇಡುತ್ತಿದ್ದೇವೆ. ಇಂಥ ಕಾಗದ ಯಾರ ಮನೆಗೂ ಬರಬಹುದಾದ ಕಾಲವಿದು.

ನಮ್ಮ ಅವ್ವ ಧಾರವಾಡದಲ್ಲಿ ಒಬ್ಬಳೇ ಇದ್ದವಳು. ಹೊಟ್ಟೆ ಉಬ್ಬರಿಸುತ್ತದೆ, ಎರಡು ತುತ್ತಿಗೇ ಸಾಕಾಗುತ್ತದೆ ಎಂದು ಹೇಳುತ್ತ ಬಂದಳು. ವಾಯುವೆಂದುಕೊಂಡು ನಾವೆಲ್ಲ ಓಮ, ಇಂಗು, ಮಜ್ಜಿಗೆ ಎಂದು ಫೋನಿನಲ್ಲೇ ವೈದ್ಯ ಮಾಡಿದೆವು. ಅಂಡಾಶಯದ ಕ್ಯಾನ್ಸರ್ ಹೀಗೆಯೇ ವಾಯುವಿನ ವೇಷ ಹಾಕಿ ಬರುತ್ತದೆಂಬುದು ಆಮೇಲೆ ತಿಳಿಯಿತು. ಡೊಂಬಿವಲಿಯ ನಮ್ಮ ಎರಡು ಕೋಣೆಗಳ ಮನೆಗೆ ಅವಳನ್ನು ಕರೆತಂದೆವು. ಪರೇಲಿನಲ್ಲಿ 1941ರಿಂದ ನಿಂತಿರುವ ಟಾಟಾ ಸ್ಮಾರಕ ಆಸ್ಪತ್ರೆಯಲ್ಲಿ ಶಸ್ತ್ರಕ್ರಿಯೆಯಾಯಿತು; ಕಾರ್ಬೊಪ್ಲಾಟಿನ್, ಪ್ಯಾಕ್ಲಿಟ್ಯಾಕ್ಸೆಲ್ ಎಂಬ ಎರಡು ಔಷಧಗಳನ್ನು ಮೂರು ವಾರಕ್ಕೊಮ್ಮೆಯಂತೆ ಆರು ಸಲ ರಕ್ತನಾಳದಲ್ಲಿ ಬಿಟ್ಟರು.

ಈ ರೋಗದ ಏರಿಳಿತವನ್ನು ನೋಡಲು ಸಿ.ಎ. 125 ಎಂಬ ರಕ್ತಪರೀಕ್ಷೆ ಉಂಟು. ಅಮೆರಿಕದ ರಾಬರ್ಟ್ ಬ್ಯಾಸ್ಟ್ ಎಂಬ ವೈದ್ಯರೂ ಅವರ ಸಂಗಡಿಗರೂ 1981ರಲ್ಲಿ ಇದಕ್ಕೆ ದಾರಿ ಹಾಕಿದರು. 35ರ ಒಳಗಿದ್ದರೆ ಸಮಾಧಾನ. ಅವ್ವನದು ಮೊದಲು 1,140 ಇತ್ತು. ಅನಂತರ 412, 96, 31, ಕೊನೆಗೆ 16. ಗುಮಾಸ್ತರ ಬುದ್ಧಿ ಎಲ್ಲಿ ಹೋದೀತು? ಗೆರೆ ಎಳೆದ ವಹಿಯಲ್ಲಿ ತಾರೀಖಿನೊಡನೆ ಬರೆದಿಟ್ಟೆವು. 16 ಬಂದ ದಿನ ಕಚೇರಿಗೆಲ್ಲ ಪೇಢೆ ಹಂಚಿದೆವು. “ಅತ್ತೆಯವರ ಮುಖ ನೋಡೋದು ಬಿಟ್ಟು ವಹಿ ನೋಡ್ತೀರಲ್ಲ,” ಎಂದು ನಮ್ಮಾಕೆ ಅಂದಾಗ ನಕ್ಕಿದ್ದೆವು.

ಒಂಬತ್ತು ತಿಂಗಳ ಮೇಲೆ ಅಂಕಿ 41ಕ್ಕೆ ಬಂತು. ಅವ್ವನಿಗೆ “ಎಲ್ಲಾ ಛಲೋ ಅದ” ಎಂದೆವು. ಆಮೇಲೆ ಬಂದದ್ದೇ 88. ರಕ್ತ ಕೊಟ್ಟದ್ದು ನಮ್ಮ ಬಡಾವಣೆಯ ಒಂದು ಪ್ರಯೋಗಶಾಲೆಯಲ್ಲಿ. ಅವರು ರಾತ್ರಿ ಹನ್ನೊಂದಕ್ಕೆ ಫೋನಿಗೆ ಕಳಿಸಿದರು, ದಪ್ಪ ಅಕ್ಷರದಲ್ಲಿ. ಹೇಳುವವರಿಲ್ಲ, ಕೇಳುವವರಿಲ್ಲ. ವೈದ್ಯರು ಸಿಗುವುದು ಮಂಗಳವಾರ. ನಡುವೆ ಮೂರು ರಾತ್ರಿ! ಆ ಫೋನಿನಲ್ಲೇ ಎರಡು ಗಂಟೆಯತನಕ ಹುಡುಕಿದೆವು. ಯಾವ ದೇಶದ ಯಾವ ಹೆಂಗಸಿನದೋ ಗತಿಯನ್ನೆಲ್ಲ ನಮ್ಮ ಅವ್ವನದೆಂದು ಓದಿಕೊಂಡೆವು.

ಮರುದಿನದಿಂದ ಮುಚ್ಚುಮರೆ ಆರಂಭವಾಯಿತು. ಎರಡು ಕೋಣೆಗಳ ಮನೆಯಲ್ಲಿ ಗುಟ್ಟು ಎಲ್ಲಿ ಅಡಗೀತು? ಕುಕ್ಕರು ಕೂಗುವಾಗ ಗಂಡ ಹೆಂಡಿರು ಪಿಸುಗುಟ್ಟಿದೆವು. ಬೆಳಗಾವಿಯ ತಂಗಿಯೊಡನೆ ಮಾತಾಡಲು ಮೆಟ್ಟಿಲಿಳಿದು ರಸ್ತೆಗೆ ಹೋದೆವು. ಸೋಮವಾರ ಬೆಳಿಗ್ಗೆ ಅವ್ವ ಮೆಂತ್ಯದ ಸೊಪ್ಪು ಬಿಡಿಸುತ್ತ ಕುಳಿತವಳು ತಲೆಯೆತ್ತದೆ ಅಂದಳು:

“ಶನಿವಾರದಿಂದ ನೀ ನನ್ನ ಮಾರಿ ನೋಡಿ ಮಾತಾಡಿಲ್ಲ. ಎಷ್ಟು ಬಂದದ, ಹೇಳು.”

ಹೇಳಿದೆವು. 41ನ್ನು ಮುಚ್ಚಿಟ್ಟದ್ದನ್ನೂ ಹೇಳಿದೆವು. ಅವಳು ಸ್ವಲ್ಪ ಹೊತ್ತು ಸೊಪ್ಪು ಬಿಡಿಸಿದಳು.

“ನನ್ನ ರಕ್ತ, ನನ್ನ ಲೆಕ್ಕ. ನನಗ ಮೊದಲ ಹೇಳಬೇಕಿತ್ತು ತಮ್ಮಾ. ನಾಳೆ ಡಾಕ್ಟರಬಾಯಿಗೆ ನಾನ ಕೇಳತೀನಿ.”

ಅವಳು ಧೈರ್ಯವಂತೆ ಎಂದು ಇಷ್ಟಕ್ಕೇ ಮುಗಿಸಿದರೆ ಸುಳ್ಳಾದೀತು. ಆ ರಾತ್ರಿ ಕೌದಿಯೊಳಗೆ ಅತ್ತಳು. ನಮ್ಮಾಕೆ ಎದ್ದು ಹೋಗಿ ಏನೂ ಮಾತಾಡದೆ ಕಾಲು ಒತ್ತುತ್ತ ಕುಳಿತಳು. ನಾವು ಮಾತ್ರ ಎದ್ದು ಹೋಗಲಾರದೆ ಗೋಡೆಯ ಕಡೆ ಹೊರಳಿದೆವು. ಆದರೂ ಮನೆಯಲ್ಲಿ ಗುಟ್ಟು ಉಳಿದಿರಲಿಲ್ಲವಾಗಿ, ಶನಿವಾರಕ್ಕಿಂತ ಆ ರಾತ್ರಿ ಉಸಿರು ಹಗುರಾಗಿತ್ತು.

ಮಂಗಳವಾರ ಪರೇಲಿನಲ್ಲಿ ಇಳಿದೆವು. ಆಸ್ಪತ್ರೆಯ ಹೊರಗಿನ ಕಾಲುದಾರಿಯಲ್ಲಿ ಬಿಹಾರ, ಬಂಗಾಲದ ಕಡೆಯ ಸಂಸಾರಗಳು ಎಂದಿನಂತೆ ಚಾಪೆ ಹಾಸಿಕೊಂಡಿದ್ದವು. ಅವರ ಕೈಯಲ್ಲೂ ನಮ್ಮಂಥದೇ ಕಾಗದದ ಚೀಲ. ಡಾಕ್ಟರಬಾಯಿ ಕಾಗದವನ್ನು ಒಂದು ಕ್ಷಣ ನೋಡಿದರು. ಅವ್ವನನ್ನು ಬಹಳ ಹೊತ್ತು ನೋಡಿದರು. ಊಟ ಸೇರುತ್ತದೆಯೆ? ಹೊಟ್ಟೆ ಬಿಗಿಯುತ್ತದೆಯೆ? ಮೆಟ್ಟಿಲು ಹತ್ತುತ್ತೀರಾ? ಅವ್ವ ತನ್ನ ಧಾರವಾಡದ ಮರಾಠಿಯಲ್ಲಿ ಎಲ್ಲಕ್ಕೂ ಉತ್ತರ ಕೊಟ್ಟಳು. ಸ್ಕ್ಯಾನಿನಲ್ಲಿ ಎದ್ದು ಕಾಣುವಂಥದು ಏನೂ ಇರಲಿಲ್ಲ.

ಆಕೆ ಮುಚ್ಚಿಡಲಿಲ್ಲ. ಹೊಟ್ಟೆಯೊಳಗಿನ ಬೇರೆ ಉರಿಯೂತಗಳಿಂದಲೂ ಈ ಅಂಕಿ ಏರುವುದುಂಟು. ಆದರೆ ಎರಡು ಸಲ ಏರಿದ್ದರಿಂದ ರೋಗ ಮರಳುತ್ತಿರುವ ಸಂಭವವೇ ಹೆಚ್ಚು ಎಂದರು. ಮತ್ತೆ, “ಈಗ ಔಷಧ ಬೇಡ. ಆರು ವಾರ ಬಿಟ್ಟು ಬನ್ನಿ,” ಎಂದರು.

ನಮಗೆ ಸಿಟ್ಟೇ ಬಂತು. ಅಂಕಿ ತಪ್ಪಿದೆಯೆಂದು ತಿಳಿದ ಮೇಲೂ ಸುಮ್ಮನೆ ಕೂಡುವುದು ಯಾವ ನ್ಯಾಯ? ಡಾಕ್ಟರಬಾಯಿ ಬೇಸರಿಸದೆ ತಿಳಿಸಿದರು. ಮೊದಲ ಚಿಕಿತ್ಸೆ ಮುಗಿಸಿ ಚೆನ್ನಾಗಿದ್ದು, ಆಮೇಲೆ ಈ ಅಂಕಿ ಏರಿದ 529 ಹೆಂಗಸರ ಮೇಲೆ ಯುರೋಪಿನಲ್ಲಿ ಪರೀಕ್ಷೆ ನಡೆಸಿದರಂತೆ. ಅರ್ಧದಷ್ಟು ಜನಕ್ಕೆ ಅಂಕಿ ಏರಿದೊಡನೆ ಔಷಧ, ಉಳಿದವರಿಗೆ ತೊಂದರೆ ಕಾಣಿಸಿಕೊಂಡ ಮೇಲೆ. ಮೊದಲಿನವರಿಗೆ ಸುಮಾರು ಐದು ತಿಂಗಳು ಮುಂಚೆಯೇ ಔಷಧ ಆರಂಭವಾಯಿತು. ಆದರೆ ಅವರು ಹೆಚ್ಚು ಕಾಲ ಬದುಕಲಿಲ್ಲ. ಚೆನ್ನಾಗಿರಬಹುದಾಗಿದ್ದ ದಿನಗಳು ವಾಂತಿ, ಸುಸ್ತಿನಲ್ಲಿ ಬೇಗನೆ ಹೋದವು. ಇದು 2010ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಬಂದಿದೆ. ಎಲ್ಲ ಕ್ಯಾನ್ಸರಿಗೂ, ಎಲ್ಲ ಹಂತಕ್ಕೂ ಈ ಮಾತು ಸಲ್ಲದು. ಅದನ್ನು ನಿಮ್ಮ ನಿಮ್ಮ ವೈದ್ಯರೇ ಹೇಳಬೇಕು.

ಅವ್ವ ಕೇಳಿದ್ದು ಒಂದೇ ಪ್ರಶ್ನೆ: “ಹಂಗಾದ್ರ ದಸರಾಕ್ಕ ಧಾರವಾಡಕ್ಕ ಹೋಗಲಿ?”

“ಅವಶ್ಯ ಹೋಗಿ. ಹೊಟ್ಟೆ ಉಬ್ಬಿದರೆ, ಊಟ ಸೇರದಿದ್ದರೆ ಆರು ವಾರ ಕಾಯಬೇಡಿ,” ಎಂದು ಆಕೆ ಬರೆದುಕೊಟ್ಟರು.

ಹಿಂತಿರುಗುವ ಗಾಡಿಯಲ್ಲಿ ಆ ಚೀಟಿಯನ್ನು ಮತ್ತೆ ಮತ್ತೆ ಓದಿದೆವು. ‘ಆರು ವಾರಗಳ ನಂತರ.’ ನಮ್ಮದೇ ಒಕ್ಕಣೆ! ‘ಆರು ವಾರಗಳ ನಂತರ ಮಂಡಿಸುವುದು’ ಎಂದು ನಾವು ಎಷ್ಟು ಕಡತಗಳ ಮೇಲೆ ಬರೆದಿಲ್ಲ? ಬರೆದು, ದಾರ ಕಟ್ಟಿ, ಚಹಕ್ಕೆ ಎದ್ದು ಹೋಗಿದ್ದೇವೆ. ಆ ಆರು ವಾರ ಇನ್ನೊಬ್ಬರ ಮನೆಯಲ್ಲಿ ಹೇಗೆ ಸಾಗುತ್ತವೆಂಬುದು ಅಂದಿನವರೆಗೆ ತಿಳಿದಿರಲಿಲ್ಲ. ಈಗ ಕಿಟಕಿಗೆ ಬಂದವರಿಗೆ ಕಾರಣ ಹೇಳುತ್ತೇವೆ. ಕಡತ ಬೇಗ ಸಾಗುವುದೆಂದಲ್ಲ. ಕಾರಣ ತಿಳಿದವನು ಕಾಯುವ ಬಗೆಯೇ ಬೇರೆ.

ಆ ಆರು ವಾರಗಳಲ್ಲಿ ಮನೆಗೆ ಕೆಲವು ಕಟ್ಟಳೆಗಳು ಬಂದವು. ರಿಪೋರ್ಟು ಫೋನಿಗೆ ಬೇಡವೆಂದು ಪ್ರಯೋಗಶಾಲೆಗೆ ಹೇಳಿಬಿಟ್ಟೆವು. ವೈದ್ಯರನ್ನು ಕಾಣುವ ದಿನ ಬೆಳಿಗ್ಗೆಯೇ ಹೋಗಿ ಕಾಗದ ತರುವುದು. ಲಕೋಟೆ ಒಡೆಯುವವಳು ಅವ್ವ. ವೈದ್ಯರಿಗೆ ಕೇಳಬೇಕಾದ್ದನ್ನು ಆಗಾಗ್ಗೆ ವಹಿಯಲ್ಲಿ ಬರೆಯುವುದು. ಅಲ್ಲಿ ಹೋದ ಮೇಲೆ ನೆನಪೇ ಹಾರಿಹೋಗುತ್ತದೆ. ಬೆಂಗಳೂರಿನ ಕಿದ್ವಾಯಿಗೆ ಏಕೆ ಒಯ್ಯಲಿಲ್ಲ, ಯಾವುದೋ ಬೇರು ಏಕೆ ಕುಡಿಸಲಿಲ್ಲ ಎಂದು ಕೇಳುವ ಬಂಧುಗಳಿಗೆಲ್ಲ ಬೆಳಗಾವಿಯ ತಂಗಿಯೊಬ್ಬಳೇ ಉತ್ತರ ಕೊಡುವುದು.

ಅವ್ವ ಧಾರವಾಡಕ್ಕೆ ಹೋದಳು. ಬೀಗ ತೆಗೆಸಿ ಧೂಳು ಹೊಡೆಸಿದಳು, ಮನೆಯ ಕರ ಕಟ್ಟಿದಳು. ವಿಜಯದಶಮಿಯ ಸಂಜೆ ಓಣಿಯವರಿಗೆಲ್ಲ ಬನ್ನಿ ಕೊಟ್ಟಳು. ಹಿಂದಿನ ವರ್ಷ ತಲೆಗೂದಲಿಲ್ಲದೆ ಹೊರಗೆ ಬರಲೊಲ್ಲದವಳು, ಈಗ ಮೋಟು ಜಡೆಗೆ ಹೂ ಮುಡಿದು ತಿರುಗಿದಳಂತೆ. 88 ಎಂದು ಅಂಜಿ ಅಂದೇ ಔಷಧ ಹಿಡಿದಿದ್ದರೆ ಆ ಸಂಜೆ ಅವಳಿಗೆ ದೊರೆಯುತ್ತಿರಲಿಲ್ಲ.

ಸಂಕ್ರಾಂತಿಯ ಮೇಲೆ ಹೊಟ್ಟೆ ಬಿಗಿಯಿತು. ಎರಡನೆಯ ಸುತ್ತಿನ ಔಷಧ ಆರಂಭವಾಯಿತು. ಆರಂಭದಲ್ಲಿ ಅಂಕಿ 460 ಇತ್ತು. ಮೂರು ಸಲ ಔಷಧವಾದ ಮೇಲೆ 390. ಇಳಿದಿದೆ, ವೈದ್ಯರು ಬಯಸಿದಷ್ಟು ಇಳಿದಿಲ್ಲ. ಔಷಧ ಬದಲಿಸಬೇಕೋ ಬೇಡವೋ ಎಂದು ಮುಂದಿನ ಸ್ಕ್ಯಾನ್ ನೋಡಿ ಹೇಳುವರು.

ಆ ಬೆಳಿಗ್ಗೆ ಅವ್ವ ಕನ್ನಡಕ ಹಾಕಿಕೊಂಡು ಲಕೋಟೆ ಒಡೆದಳು. ಓದಿ ನಮ್ಮ ಕೈಗೆ ಕೊಟ್ಟಳು. ವಹಿಯಲ್ಲಿ ಬರೆಯುವುದಕ್ಕೆ ಮುಂಚೆ, ನಮ್ಮಾಕೆ ಅಂದಿದ್ದು ನೆನಪಾಗಿ, ಅವಳ ಮುಖ ನೋಡಿದೆವು. ಬಾಡಿತ್ತು, ಆದರೆ ಅಂಜಿರಲಿಲ್ಲ.

“ಬರಕೋ,” ಎಂದಳು. “ಬರದು ಲಗೂನ ಏಳು. ಎಂಟರ ಗಾಡಿ ತಪ್ಪಿದ್ರ ಕೂಡಲಿಕ್ಕೆ ಜಾಗಾ ಸಿಗೂದಿಲ್ಲ.”