ಆಲಿಕಲ್ಲಿಗೆ ಸಿಕ್ಕ ಬಿಗ್ ಬಾಯ್

ಸೇತುವೆ ಕದಲಲಿಲ್ಲ.

ಎರಡೂ ಕೈಯಲ್ಲಿ ತಳ್ಳಿದೆ. ಮಂಡಿಯೂರಿ ಹೆಗಲು ಕೊಟ್ಟು ನೂಕಿದೆ. ಊಹೂಂ! ನೆಲ್ಲಿಕಾಯಿ ಗಾತ್ರದ ಆಲಿಕಲ್ಲುಗಳು ಬೆನ್ನಿಗೆ ರಪರಪನೆ ಬಡಿಯುತ್ತಿದ್ದವು. ಸೇತುವೆಯ ಮೇಲೆ ನಾಲ್ಕು ಅಡಿಗೂ ಮಿಕ್ಕ ಉದ್ದದ ಉಗಿ ಎಂಜಿನ್, ಅದರ ಬಾಯ್ಲರ್‌ನಲ್ಲಿ ಬುಸುಗುಟ್ಟುವ ಗ್ಯಾಸ್ ಬೆಂಕಿ, ಕೆಳಗಿನ ಗುಂಡಿಯಲ್ಲಿ ಏರುತ್ತಿರುವ ನೀರು. ಶೆಡ್ಡಿನ ಬಾಗಿಲು ಆರೇ ಅಡಿ ದೂರದಲ್ಲಿತ್ತು. ಆದರೆ ಅಲ್ಲಿನ ಹಳಿಗೆ ಕೂಡಿಕೊಳ್ಳಲು ಸೇತುವೆ ಇನ್ನೂ ಕಾಲು ಸುತ್ತು ತಿರುಗಬೇಕಿತ್ತು.

ಅಮೆರಿಕದ ಕೊಲೊರಾಡೊದಲ್ಲಿ, ಫೋರ್ಟ್ ಕಾಲಿನ್ಸ್‌ನಲ್ಲಿ ನಮ್ಮ ಮನೆ. ಜೂನ್ ಬಂತೆಂದರೆ ಊಟದ ಹೊತ್ತಿಗೆ ಸುಡುಬಿಸಿಲು, ಮೂರು ಗಂಟೆಗೆ ರಾಕಿ ಬೆಟ್ಟಗಳ ಮೇಲೆ ಕಾರ್ಮೋಡ. ಅಂದು ಮೋಡ ಕಂಡಿದ್ದೆ. ಇನ್ನೊಂದು ಸುತ್ತು ಓಡಿಸಿ ಒಳಗಿಡೋಣ ಅಂದುಕೊಂಡೆ. ಮೋಡ ಅಷ್ಟು ಹೊತ್ತು ಕೊಡಲಿಲ್ಲ.

ಎಂಜಿನನ್ನು ಹೊತ್ತು ತಿರುಗಿಸುವ ಈ ಸೇತುವೆಗಾಗಿ, ಅಂದರೆ ಟರ್ನ್‌ಟೇಬಲ್‌ಗಾಗಿ, ನಾನು ಎರಡು ವರ್ಷ ಅಲೆದಿದ್ದೆ. ತೋಟದ ರೈಲಿನ ಹಳಿಯ ಅಗಲ 45 ಮಿಲಿಮೀಟರ್. ಆ ಹಳಿಗೆಂದು ಅಂಗಡಿಯಲ್ಲಿ ಕಂಡ ತಿರುಗು ಸೇತುವೆಗಳೆಲ್ಲ ಗಿಡ್ಡ ಎಂಜಿನ್‌ಗಳಿಗೆ ಮಾಡಿದಂಥವು. ನನ್ನದು ಬಿಗ್ ಬಾಯ್‌ನ ಪುಟ್ಟ ಮಾದರಿ. ಯೂನಿಯನ್ ಪೆಸಿಫಿಕ್ ರೈಲ್ವೆ ಕಂಪನಿಗಾಗಿ 1941ರಿಂದ 1944ರ ನಡುವೆ ತಯಾರಾದದ್ದು ಇಂಥ 25 ದೊಡ್ಡ ಎಂಜಿನ್‌ಗಳು. ಟೆಂಡರ್, ಅಂದರೆ ನೀರು-ಇಂಧನದ ಹಿಂಬಂಡಿ, ಸೇರಿ ಉದ್ದ 132 ಅಡಿಗೂ ಹೆಚ್ಚು, ತೂಕ ಐನೂರು ಟನ್ನಿಗೂ ಮೇಲೆ. ಇವನ್ನು ತಿರುಗಿಸಲೆಂದೇ ಆ ಕಂಪನಿ ಆಗ್ಡನ್ ಮತ್ತು ಗ್ರೀನ್ ರಿವರ್ ಊರುಗಳಲ್ಲಿ 135 ಅಡಿಯ ಟರ್ನ್‌ಟೇಬಲ್ ಹಾಕಿಸಬೇಕಾಯಿತು. ಎರಡನ್ನೂ 1:32 ಅಳತೆಗೆ ಇಳಿಸಿದರೆ ಎಂಜಿನ್ 1,265 ಮಿಲಿಮೀಟರ್, ಸೇತುವೆ 1,286. ಉಳಿಯುವುದು ಎರಡು ಸೆಂಟಿಮೀಟರ್ ಜಾಗ! ನಾನು 1,450 ಮಿಲಿಮೀಟರ್ ಸೇತುವೆ ಕಟ್ಟಿದೆ. ಆ ಹೆಚ್ಚಿನ ಗೇಣುದ್ದವೇ ಅಂದು ನನ್ನ ಕೈಹಿಡಿಯಿತು.

ನಡುವಿನ ಗೂಟಕ್ಕೆ ಹಳೇ ಟ್ರೈಲರ್ ಚಕ್ರದ ಹಬ್ಬು, ಬೇರಿಂಗ್ ಸಮೇತ. ನಮ್ಮಜ್ಜಿಯ ಬೀಸುಕಲ್ಲಿನ ಗೂಟಕ್ಕೂ ಇದಕ್ಕೂ ತತ್ವ ಒಂದೇ. ಗೂಟದ ಕೆಳಗೆ ಮೂರು ಅಡಿ ಆಳದ ಕಾಂಕ್ರೀಟು, ಏಕೆಂದರೆ ಇಲ್ಲಿಯ ಚಳಿಗೆ ನೆಲದೊಳಗಿನ ನೀರು ಹೆಪ್ಪುಗಟ್ಟಿ ಮಣ್ಣನ್ನೇ ಮೇಲೆತ್ತುತ್ತದೆ. ಹಳಿ ಒಂದೆರಡು ಮಿಲಿಮೀಟರ್ ಏರುಪೇರಾದರೂ ಚಕ್ರ ಜಾರುತ್ತದೆ. ಎರಡು ಅಲ್ಯೂಮಿನಿಯಂ ಚಾನೆಲ್ ಜೋಡಿಸಿ ಸೇತುವೆ, ತುದಿಗಳಲ್ಲಿ ರೋಲರ್, ಆ ರೋಲರ್ ಉರುಳಲು ಗುಂಡಿಯ ಸುತ್ತ ಬಾಗಿಸಿದ ಒಂದು ಹಳಿ. ವಿದ್ಯುತ್ ಎಂಜಿನ್ ಆಗಿದ್ದರೆ ಸೇತುವೆ ಅರ್ಧ ಸುತ್ತು ತಿರುಗಿದಾಗ ಹಳಿಯ ಪ್ಲಸ್ಸು ಮೈನಸ್ಸು ಅದಲುಬದಲಾಗುವ ತಲೆನೋವು ಬೇರೆ. ಉಗಿಗೆ ಆ ರಗಳೆಯಿಲ್ಲ.

ಉಗಿಗೆ ಇರುವ ಭಯ ಇನ್ನೊಂದು. ಬಾಯ್ಲರ್‌ನಲ್ಲಿ ನೀರು ಮುಗಿದ ಮೇಲೂ ಬೆಂಕಿ ಉರಿದರೆ ಬೆಸುಗೆಯೇ ಕರಗುತ್ತದೆ. ಬಗ್ಗಿ ನೋಡಿದೆ. ಗಾಜಿನ ಕೊಳವೆಯಲ್ಲಿ ನೀರು ಅರ್ಧ ಬೆರಳು. ಎದೆ ಧಸಕ್ಕೆಂದಿತು. ಗ್ಯಾಸ್ ಕೀಲಿ ತಿರುಗಿಸಿದೆ, ಬೆಂಕಿ ಆರಿತು. ಇನ್ನು ಒಳಗೆ ಉಳಿದ ಉಗಿಯಷ್ಟೇ ಗತಿ, ಅದರ ಒತ್ತಡ ತೋರಿಸುವ ಮುಳ್ಳೂ ಇಳಿಯುತ್ತಿತ್ತು.

"ಅಪ್ಪಾ, ಮುಂದಿನ ತುದಿ ಕೆಳಗೆ ಕೂತಿದೆ ನೋಡು!" ಶೆಡ್ಡಿನೊಳಗಿಂದ ಮಗಳು ಕೂಗಿದಳು. ಬಾಗಿಲು ತೆರೆದು ಹಿಡಿದು ನಿಂತಿದ್ದಳು. ಮಿಂಚು ಹೊಡೆಯುವಾಗ ಹೊರಗೆ ಕಾಲಿಡಬೇಡವೆಂದು ನಾನೇ ಗದರಿದ್ದೆ.

ನೋಡಿದೆ. ಮುಂದಿನ ರೋಲರ್ ಆಲಿಕಲ್ಲಿನ ರಾಶಿಯಲ್ಲಿ ಹೂತು ಸುತ್ತುಹಳಿಯನ್ನು ಅದುಮಿತ್ತು. ಹಿಂದಿನದು ಕೂದಲೆಳೆಯಷ್ಟು ಮೇಲೆದ್ದಿತ್ತು. ಆಗ ಹೊಳೆಯಿತು! ಎಂಜಿನ್ ಎಲ್ಲಿ ನಿಲ್ಲಬೇಕೆಂದು ನಾನು ಗೆರೆ ಎಳೆದದ್ದು ಟೆಂಡರ್ ತುಂಬಿದ್ದಾಗ. ಮುಕ್ಕಾಲು ಗಂಟೆ ಓಡಿ ಟೆಂಡರಿನ ನೀರು ಬರಿದಾಗಿತ್ತು, ಹಿಂಭಾರ ಇಳಿದು ತೂಕವೆಲ್ಲ ಮುಂದಕ್ಕೆ ಜಾರಿತ್ತು. ಹಿಂದಿನ ಕಾಲದ ದೊಡ್ಡ ಟರ್ನ್‌ಟೇಬಲ್‌ಗಳಲ್ಲೂ ಡ್ರೈವರುಗಳು ಇದಕ್ಕೇ ಹೆಣಗುತ್ತಿದ್ದರು: ಎಂಜಿನ್ ತಕ್ಕಡಿಯಂತೆ ತೂಗಿ ನಿಂತರೆ ಒಬ್ಬಿಬ್ಬರು ಕೈಯಲ್ಲಿ ತಳ್ಳಿದರೂ ತಿರುಗುವುದು, ತೂಗದಿದ್ದರೆ ಹತ್ತಾಳು ಬಂದರೂ ಜಪ್ಪಯ್ಯ ಅನ್ನದು.

ಎರಡು ಬೆರಳಗಲ ಹಿಂದೆ ಹೋಗಬೇಕು. ಹೆಚ್ಚಾದರೆ ಎಂಜಿನ್ ಸೀದಾ ನೀರಿಗೆ.

ರಿವರ್ಸ್ ಸನ್ನೆ ಎಳೆದೆ. ಒದ್ದೆ ಕೈಗವಸಿನಲ್ಲಿ ಉಗಿ ಬಿಡುವ ರೆಗ್ಯುಲೇಟರ್ ಹಿಡಿದು ಕೂದಲಷ್ಟೇ ತೆರೆದೆ. ಏನೂ ಆಗಲಿಲ್ಲ. ಇನ್ನೊಂದು ಕೂದಲು. ಸಿಲಿಂಡರಿನಿಂದ ನೀರು ಚಿಮ್ಮಿತು, ಹದಿನಾರು ಚಾಲಕ ಚಕ್ರಗಳೂ ನಡುಗಿದವು, ಎಂಜಿನ್ ಒಮ್ಮೆ ನಿಟ್ಟುಸಿರಿಟ್ಟು ಹಿಂದಕ್ಕೆ ಸರಿಯಿತು. ಮುಚ್ಚಿದೆ! ಸೇತುವೆಯ ಮುಂತುದಿ ಮೆಲ್ಲಗೆ ಮೇಲೆದ್ದಿತು. ರೋಲರಿನಡಿಯ ಆಲಿಕಲ್ಲನ್ನು ಬೆರಳಿನಲ್ಲೇ ಬಾಚಿ ಎಸೆದೆ. ಬಲಗೈ ಒಂದನ್ನೇ ಇಟ್ಟು ತಳ್ಳಿದೆ. ತಿರುಗಿತು. ನೀರಿನ ಮೇಲೆ, ಸದ್ದಿಲ್ಲದೆ, ಅಷ್ಟು ಭಾರ ಹೊತ್ತ ಸೇತುವೆ ತೊಟ್ಟಿಲಿನಂತೆ ತಿರುಗಿತು. ಹಳಿಗೆ ಹಳಿ ಕೂಡಿತು. ಉಗಿ ಮುಗಿದಿತ್ತು, ನಾನು ಹಿಂದಿನಿಂದ ನೂಕಿದೆ, ಮಗಳು ಒಳಗಿನಿಂದ ಎಳೆದುಕೊಂಡಳು.

ಚಿಮಣಿಯ ಪಕ್ಕ ಒಂದು ಹಿತ್ತಾಳೆ ಕೊಳವೆ ಬಾಗಿತ್ತು. ನಷ್ಟ ಅಷ್ಟೇ.

ಮರುದಿನ ಗುಂಡಿ ಬಗೆದೆ. ಒಂದು ಇಂಚಿನ ಚರಂಡಿ ಕೊಳವೆಯ ಬಾಯಿಗೆ ಎಲೆ, ಆಲಿಕಲ್ಲು ಸೇರಿ ಬಿರಡೆ ಹಾಕಿದಂತಾಗಿತ್ತು. ಅದನ್ನು ಕಿತ್ತು ನಾಲ್ಕು ಇಂಚಿನದು ಹಾಕಿದೆ. ತೋಟದಲ್ಲಿ ಟರ್ನ್‌ಟೇಬಲ್ ಕಟ್ಟುವ ಆಸೆ ನಿಮಗಿದ್ದರೆ ದಯವಿಟ್ಟು ಬೇರಿಂಗ್ ಹುಡುಕುವ ಮೊದಲು ನೀರು ಹೋಗುವ ದಾರಿ ತೋಡಿ, ಸೇತುವೆಯನ್ನು ಎಂಜಿನ್‌ಗಿಂತ ಒಂದು ಗೇಣಾದರೂ ಉದ್ದ ಮಾಡಿ. ನನ್ನ ಸೇತುವೆಯ ಮೇಲೆ ಈಗ ಎರಡು ಗೆರೆಗಳಿವೆ: ತುಂಬಿದ ಟೆಂಡರಿಗೆ ಬಿಳಿ, ಬರಿದಾದ ಟೆಂಡರಿಗೆ ಕೆಂಪು.