ಬಡಿಸೋ ಕೆಲಸ (ಡಿಸೈನ್ ಡೈರಿ, ಭಾಗ 7)

‘ಅಕ್ಕಾ, ಕ್ರಿಯೇಟಿವ್ ಆಗೋಕೆ ಏನ್ ಮಾಡ್ಬೇಕು?’ ‘ಎಐ ಬಂದ್ಮೇಲೆ ನಮ್ ಗತಿ ಏನು?’ ಈ ವಾರ ಡಿಎಂನಲ್ಲಿ ಹೆಚ್ಚು ಬಂದಿದ್ದು ಈ ಎರಡೇ ಪ್ರಶ್ನೆ. ಕಾಲೇಜು ಮುಗಿಸಿ ಏಳು ವರ್ಷದಿಂದ ಇದೇ ಕೆಲಸದಲ್ಲಿ ಅನ್ನ ತಿಂತಿರೋಳಾಗಿ ನನಗೆ ತೋಚಿದ್ದು ಹೇಳ್ತೀನಿ.

ಮದುವೆ ಮನೆ ಊಟ ನೆನಪಿಸ್ಕೊಳ್ಳಿ. ಎಲೆ ತುದಿಗೆ ಉಪ್ಪು, ಉಪ್ಪಿನಕಾಯಿ. ಮೇಲಿನ ಸಾಲಿಗೆ ಕೋಸಂಬರಿ, ಪಲ್ಯ. ಅನ್ನಕ್ಕೆ ಅಂತ ಕೆಳಗೆ ಅರ್ಧ ಎಲೆ ಖಾಲಿ. ಯಾವುದು ಮೊದಲು, ಯಾವುದಕ್ಕೆ ಎಷ್ಟು ಜಾಗ, ಎಲ್ಲಿ ಖಾಲಿ ಬಿಡ್ಬೇಕು ಅನ್ನೋದು ಬಡಿಸೋರಿಗೆ ಗೊತ್ತಿರುತ್ತೆ. ಲೇಔಟ್ ಅಂದ್ರೂ ಇಷ್ಟೇ. ಅಡುಗೆ ನಮ್ಮದಲ್ಲ. ಪುಸ್ತಕ ಬರೆದೋರು ಬೇರೆ, ಅಂಗಡಿ ಇಟ್ಟೋರು ಬೇರೆ, ಶಿಬಿರ ನಡೆಸೋರು ಬೇರೆ. ನಾವು ಬಡಿಸೋರು. ಪಂಕ್ತಿಯಲ್ಲಿ ಕೂತಿರೋರು ಯಾರು ಅಂತ ನೋಡೋದ್ರಿಂದಲೇ ನನ್ನ ಮಟ್ಟಿಗೆ ಕ್ರಿಯೇಟಿವಿಟಿ ಶುರುವಾಗುತ್ತೆ.

ನಮ್ಮ ಪಂಕ್ತಿಯಲ್ಲಿ ಕನ್ನಡ ಓದೋರು ಇದ್ದಾರೆ. ಆದ್ರೆ ಕ್ಲಾಸಲ್ಲಿ ನಾವು ಕಲಿತಿದ್ದೆಲ್ಲ ಇಂಗ್ಲಿಷ್ ಅಕ್ಷರ ಇಟ್ಕೊಂಡೇ ಅಲ್ವಾ? ಹೆಡ್‌ಲೈನ್ ಎದ್ದು ಕಾಣ್ಬೇಕಾ, ಕ್ಯಾಪಿಟಲ್ಸ್ ಹಾಕು. ಕನ್ನಡದಲ್ಲಿ ಕ್ಯಾಪಿಟಲ್ಲೇ ಇಲ್ಲ. ಗಾತ್ರ, ದಪ್ಪ, ಬಣ್ಣ, ಸುತ್ತಲಿನ ಖಾಲಿ ಜಾಗ, ಇವುಗಳಲ್ಲೇ ಹೇಳ್ಬೇಕು. ಸಾಫ್ಟ್‌ವೇರ್ ತಾನಾಗೇ ಕೊಡೋ 120% ಸಾಲಿನ ಅಂತರ ಇಂಗ್ಲಿಷಿಗೆ ಸಾಕು. ನಮ್ಮಲ್ಲಿ ಒತ್ತಕ್ಷರ ಕೆಳಗಿಳಿಯುತ್ತೆ, ಕೆಳಗಿನ ಸಾಲಿನ ಗುಡಿಸಿಗೆ ಹೋಗಿ ತಾಗುತ್ತೆ. ನಾನು 145%ರಿಂದ ಶುರು ಮಾಡ್ತೀನಿ. ಅಕ್ಷರಗಳ ಮಧ್ಯೆ ಜಾಗ ಎಳೆದ್ರೆ ‘ಕೋ’ದ ದೀರ್ಘ ಬೇರೆ ಮನೆ ಮಾಡ್ಕೊಂಡು ಹೋಗಿಬಿಡುತ್ತೆ. ಹೊಸ ಫಾಂಟ್ ಸಿಕ್ಕಿದ ತಕ್ಷಣ ‘ಸ್ವಾತಂತ್ರ್ಯ’, ‘ರಾಷ್ಟ್ರೀಯ’, ‘ಸ್ತ್ರೀ’ ಅಂತ ಟೈಪ್ ಮಾಡಿ ನೋಡಿ. ಮೂರೂ ನೆಟ್ಟಗೆ ನಿಂತ್ರೆ ಆ ಫಾಂಟನ್ನ ನಂಬಬಹುದು.

ಇನ್ನು ಹಳೇ ನುಡಿ ಫಾಂಟಲ್ಲಿ ಟೈಪ್ ಮಾಡಿದ ಫೈಲ್ ಬಂದ್ರೆ ಕೇಳ್ಲೇಬೇಡಿ! ಫಾಂಟ್ ಬದಲಿಸಿದ್ರೆ ಪೂರ್ತಿ ಪುಟ ಮಂತ್ರದ ಥರ ಕಾಣುತ್ತೆ. ಯೂನಿಕೋಡಿಗೆ ಬದಲಿಸಿದ ಮೇಲೂ ಒಂದೊಂದು ಸಾಲನ್ನೂ ಕೂತು ಓದ್ಬೇಕು. ಅರ್ಕಾವೊತ್ತು ಎಲ್ಲಿ ತಪ್ಪಿಸ್ಕೊಂಡಿದೆ ಅಂತ ಹುಡುಕ್ಬೇಕು. ಇದನ್ನ ಯಾರೂ ಪೋರ್ಟ್‌ಫೋಲಿಯೋದಲ್ಲಿ ಹಾಕಲ್ಲ, ಆದ್ರೆ ನನ್ನ ದಿನದ ಅರ್ಧ ಹೊತ್ತು ಹೋಗೋದು ಇದಕ್ಕೇ.

ಹೋದ ವರ್ಷ ಒಬ್ಬ ಕ್ಲೈಂಟ್ ಹಳ್ಳಿಯ ಹಿರಿಯರಿಗೆ ಕಣ್ಣು ತಪಾಸಣೆ ಶಿಬಿರ ಇಟ್ಟಿದ್ರು. ಪೋಸ್ಟರ್‌ನಲ್ಲಿ ಇಂಗ್ಲಿಷ್ ದೊಡ್ಡದಾಗಿ, ಕನ್ನಡ ಕೆಳಗೆ ಒಂದೇ ಸಾಲು ಸಣ್ಣಕ್ಕೆ ಇರ್ಲಿ, ‘ಪ್ರೀಮಿಯಂ ಲುಕ್’ ಬೇಕು ಅಂದ್ರು. ಕಣ್ಣು ಮಂಜಾಗಿದೆ ಅಂತ ಬರೋ ಅಜ್ಜಿಗೆ ಆ ಸಣ್ಣ ಸಾಲು ಹೇಗೆ ಕಾಣ್ಬೇಕು ಸರ್ ಅಂತ ಕೇಳಿದೆ. ಎರಡು ಮಾದರಿ ಮಾಡಿ ಗೋಡೆಗೆ ಅಂಟಿಸಿ ತೋರಿಸಿದೆ. ಒಪ್ಪಲಿಲ್ಲ. ಇಂಗ್ಲಿಷ್ ದೊಡ್ಡದಾಗಿರೋದನ್ನ ನಾನು ಮಾಡಿಕೊಡಲ್ಲ ಅಂದೆ. ತಿಂಗಳಿಗೆ ಹನ್ನೆರಡು ಸಾವಿರ ಬರ್ತಿದ್ದ ಆ ಕೆಲಸ ಬೇರೆಯವರಿಗೆ ಹೋಯ್ತು. ಎರಡು ತಿಂಗಳ ಬಾಡಿಗೆ ಉಳಿತಾಯದಿಂದ ಕಟ್ಟಿದೆ. ಸಿನಿಮಾ ಥರ ಎಂಡಿಂಗ್ ಏನೂ ಇಲ್ಲ, ಅವರು ವಾಪಸ್ ಕರೀಲೂ ಇಲ್ಲ.

ಹಾಗಂತ ನೀವೂ ಕೆಲಸ ಬಿಡಿ ಅಂತ ನಾನು ಹೇಳಲ್ಲ. ಮನೇಲಿ ನಿಮ್ಮ ಸಂಬಳಕ್ಕೇ ಕಾಯ್ತಿರೋರು ಇದ್ರೆ ಮಾಡಿಕೊಡಿ, ಅದರಲ್ಲಿ ಅವಮಾನ ಇಲ್ಲ. ಆದ್ರೆ ‘ಇದನ್ನ ಓದೋರು ಯಾರು?’ ಅಂತ ಒಂದು ಸಲ ಬಾಯಿಬಿಟ್ಟು ಕೇಳಿ. ಎಷ್ಟೋ ಜನ ಕೇಳಿದ ಮೇಲೆ ಬದಲಾಯಿಸಿದ್ದಾರೆ, ಅವರಿಗೆ ಅದುವರೆಗೂ ಹೊಳೆದೇ ಇರಲ್ಲ. ನನ್ನ ಪರೀಕ್ಷೆ ಸುಲಭ. ಪ್ರಿಂಟ್ ತೆಗೆದು ಗೋಡೆಗೆ ಅಂಟಿಸ್ತೀನಿ, ಅಮ್ಮನ್ನ ಹತ್ತು ಅಡಿ ದೂರ ನಿಲ್ಲಿಸ್ತೀನಿ. ಯಾವತ್ತು, ಎಲ್ಲಿ, ಎಷ್ಟೊತ್ತಿಗೆ ಅಂತ ಅಮ್ಮ ಹೇಳಿದ್ರೆ ಪಾಸ್. ‘ಚೆನ್ನಾಗಿದೆ ಕಣೇ’ ಅಂತ ಮಾತ್ರ ಹೇಳಿದ್ರೆ ಫೇಲ್.

ಎಐ ವಿಷಯಕ್ಕೆ ಬರ್ತೀನಿ. ಸಣ್ಣಪುಟ್ಟ ಲೋಗೋ ಕೆಲಸ ನನಗೂ ಕಮ್ಮಿ ಆಗಿದೆ, ಸುಳ್ಳು ಹೇಳಲ್ಲ. ಆದ್ರೆ ಒಂದು ಯೋಚಿಸಿ. ಕನ್ನಡದ ಮೊದಲ ಪತ್ರಿಕೆ ‘ಮಂಗಳೂರು ಸಮಾಚಾರ’ 1843ರಲ್ಲಿ ಕಲ್ಲಚ್ಚಿನಲ್ಲಿ ಬಂತು. ಕಲ್ಲು ಹೋಗಿ ಮೊಳೆ ಬಂತು, ಮೊಳೆ ಹೋಗಿ ಡಿಟಿಪಿ ಬಂತು. ಪ್ರತಿ ಸಲವೂ ಒಂದಷ್ಟು ಜನರ ಕೈ ಕಸುಬು ಹೋಯ್ತು, ಆ ನೋವು ನಿಜ. ಆದ್ರೆ ‘ಓದೋರಿಗೆ ತಲುಪ್ತಾ?’ ಅಂತ ನೋಡೋ ಕಣ್ಣು ಯಾವ ಕಾಲದಲ್ಲೂ ಬೇಕಾಗಿತ್ತು. ಟೂಲ್ ಕಲೀರಿ, ಅದರ ಜೊತೆ ಆ ಕಣ್ಣನ್ನೂ ಬೆಳೆಸ್ಕೊಳ್ಳಿ.

ಕೊನೇ ಮಾತು. ಬಡಿಸೋರೂ ಉಣ್ಬೇಕು. ಅರ್ಧ ಅಡ್ವಾನ್ಸ್ ಇಲ್ಲದೆ ಫೈಲ್ ಓಪನ್ ಮಾಡ್ಬೇಡಿ. ಎರಡು ಕರೆಕ್ಷನ್ ಆದ್ಮೇಲೆ ಮೂರನೇದಕ್ಕೆ ದುಡ್ಡು ಅಂತ ಮೊದಲೇ ಬರೆದುಕೊಡಿ. ರಾತ್ರಿ ನಿದ್ದೆ ಮಾಡಿ.

ಈ ವಾರದ ಹೋಂವರ್ಕ್: ನಿಮ್ಮ ಬೀದಿಯಲ್ಲಿ ದೂರದಿಂದಲೇ ಸಲೀಸಾಗಿ ಓದೋಕಾಗೋ ಒಂದು ಕನ್ನಡ ಬೋರ್ಡ್ ಹುಡುಕಿ, ಫೋಟೋ ತೆಗೆದು ನನ್ನ ಟ್ಯಾಗ್ ಮಾಡಿ. ಯಾಕೆ ಓದೋಕಾಯ್ತು ಅಂತ ಎರಡು ಸಾಲು ಬರೀರಿ. ಭಾಗ 8ರಲ್ಲಿ ಅವನ್ನೇ ಇಟ್ಕೊಂಡು ಮಾತಾಡೋಣ.

#ಡಿಸೈನ್‌ಡೈರಿ #ಕನ್ನಡಅಕ್ಷರ #ಬಡಿಸೋಕೆಲಸ