ಎರ್ರಗಡ್ಡದ ಐತವಾರ

ಹಳೆ ಸೀರೆ ಕೈಗೆ ಬಂದರೆ ನಾನು ಮೊದಲು ತಿರುವುವುದು ಅದರ ಒಳಮೈ. ಹೊರಮೈಯಲ್ಲಿ ಕಾಣುವುದು ನೇಕಾರನ ಕೆಲಸ, ಉಟ್ಟವಳ ಸುದ್ದಿ ಇರುವುದು ಒಳಗೆ. ಫಾಲ್ ಬಿಚ್ಚಿ ಮತ್ತೆ ಹೊಲಿದ ಗುರುತು, ನಿರಿಗೆ ಸಿಕ್ಕಿಸಿದ ಕಡೆ ಮಾಸಿದ ಬಣ್ಣ, ಭುಜದ ಹತ್ತಿರ ಪಿನ್ನಿನ ತೂತು. ಪಿನ್ನು ಚುಚ್ಚಿದ್ದೇ ಕಾಣದಿದ್ದರೆ ಆಕೆ ಸೆರಗನ್ನು ತಲೆ ಮೇಲೆ ಹೊದ್ದು ಓಡಾಡಿದವಳು, ನಮ್ಮ ಕಡೆಯ ಹಿರಿಯಳೇ ಇರಬೇಕೆಂದು ನಾನು ತೀರ್ಮಾನಿಸಿಬಿಡುತ್ತೇನೆ. ತೀರ್ಮಾನ ಸರಿಯೋ ತಪ್ಪೋ, ಕೇಳಲು ಆಕೆ ಅಲ್ಲಿರುವುದಿಲ್ಲ. ಈ ಆಟದ ರುಚಿ ಇರುವುದೂ ಅದರಲ್ಲೇ.

ಇಂಥ ಆಟಕ್ಕೆ ನಮ್ಮೂರು ನಾಗಲಗಿದ್ದದಲ್ಲಿ ಬಯಲು ಸಾಲದು. ಹೈದರಾಬಾದಿಗೇ ಹೋಗಬೇಕು, ಅದೂ ಐತವಾರ. ನಾರಾಯಣಖೇಡದಲ್ಲಿ ಬಸ್ಸು ಹತ್ತಿ ಸಂಗಾರೆಡ್ಡಿ, ಪಟಾನ್‌ಚೆರು ದಾಟಿ ಮಿಯಾಪುರದಲ್ಲಿ ಇಳಿದು ಮೆಟ್ರೊ ಹಿಡಿದರೆ ಎರ್ರಗಡ್ಡ. 2023ರ ಡಿಸೆಂಬರಿನಲ್ಲಿ ಮಹಾಲಕ್ಷ್ಮಿ ಯೋಜನೆ ಬಂದಮೇಲೆ ಆಧಾರ್ ತೋರಿಸಿದರೆ ಹೆಂಗಸರಿಗೆ ಸೊನ್ನೆ ರೂಪಾಯಿ ಟಿಕೆಟ್ಟು. ಅದರಿಂದಾಗಿ ನನ್ನ ಚಟಕ್ಕೆ ಮನೆಯಲ್ಲಿ ತಕರಾರು ಅರ್ಧ ಕಡಿಮೆಯಾಗಿದೆ. ಉಳಿದರ್ಧ ನಮ್ಮ ದೊಡ್ಡ ನೆಗೆಣ್ಣಿಯದು. ಈ ಸಲ ಆಕೆಯೂ ಜೊತೆಗೆ ಹೊರಟಳು, ಬಸ್ಸಿನ ಉದ್ದಕ್ಕೂ ಒಂದೇ ಮಾತು: "ಮನ್ಯಾಗಿನ ಹಳೇ ಬಟ್ಟಿ ಪಾತ್ರಿ ಮಾರಾಕಿಗಿ ಹಾಕ್ತಿ, ಮಂದಿ ಹಳೇ ಬಟ್ಟಿ ರೊಕ್ಕ ಕೊಟ್ಟು ತರ್ತಿ. ಇದ್ಯಾವ ಶಾಣ್ಯಾತನ ತಂಗಿ?"

ಎರ್ರಗಡ್ಡದಲ್ಲಿ ಮೇಲೆ ಮೆಟ್ರೊ, ಕೆಳಗೆ ಸಂತೆ. ಕೆಟ್ಟ ಮೊಬೈಲು, ಒಂಟಿ ಬೂಟು, ಸುತ್ತಿಗೆ, ಮಿಕ್ಸರಿನ ಜಾರು, ಎಲ್ಲ ಹರವಿದ ಪ್ಲಾಸ್ಟಿಕ್ ಹಾಳೆಗಳ ನಡುವೆ ಬಟ್ಟೆಯ ಗುಡ್ಡೆಗಳು. ಗುಡ್ಡೆಯ ಮೇಲೆ ನಿಂತ ಹುಡುಗ "ಸಬ್ ಪಚಾಸ್, ಸಬ್ ಪಚಾಸ್" ಎಂದು ಗಂಟಲು ಹರಿದುಕೊಳ್ಳುತ್ತಾನೆ. ಮೂವತ್ತಕ್ಕೆ ಕೇಳಿದರೆ "ನಕ್ಕೋ ಅಮ್ಮಾ" ಎಂದು ಮುಖ ತಿರುವುತ್ತಾನೆ, ನಾಲ್ಕು ಹೆಜ್ಜೆ ಹೋದಮೇಲೆ ತೆಲುಗಿನಲ್ಲಿ ವಾಪಸು ಕರೆಯುತ್ತಾನೆ. ಮನೆಯಲ್ಲಿ ಕನ್ನಡ, ಕಚೇರಿಯಲ್ಲಿ ತೆಲುಗು, ಬಜಾರಿನಲ್ಲಿ ದಖನಿ ಆಡುವ ನಮಗೆ ಈ ಚೌಕಾಸಿ ಕಷ್ಟವಲ್ಲ. 1956ರ ತನಕ ನಾರಾಯಣಖೇಡ ತಾಲೂಕು ಬೀದರ ಜಿಲ್ಲೆಯಲ್ಲೇ ಇತ್ತಲ್ಲ. ಗಡಿ ಸರಿಯಿತು, ಅಜ್ಜಿಯರ ಟ್ರಂಕು ಸರಿಯಲಿಲ್ಲ. ಅದರಲ್ಲಿ ಇಳಕಲ್ಲೂ ನಾರಾಯಣಪೇಟೆಯೂ ಗದ್ವಾಲವೂ ಒಂದರ ಮೇಲೊಂದು ಮಲಗಿರುತ್ತಿದ್ದವು.

ಅಂಥದೇ ಯಾವುದೋ ಟ್ರಂಕಿನಿಂದ ಬಂದಿರಬೇಕು ಅವತ್ತು ನನಗೆ ಸಿಕ್ಕ ಇಳಕಲ್. ನೈಟಿಗಳ ಅಡಿಯಿಂದ ಕೆಂಪು ಸೆರಗಿನ ತುದಿ ಕಂಡಿತು, ಎಳೆದೆ. ಒಡಲು ಪೂರ್ತಿ ಹೋಗಿತ್ತು, ಬೆಳಕಿಗೆ ಹಿಡಿದರೆ ಆಚೆ ನಿಂತ ಆಟೋದ ನಂಬರು ಓದಬಹುದಿತ್ತು. ಸೆರಗು ಮಾತ್ರ ಗಟ್ಟಿ. ಮೂರು ಕೆಂಪು ಪಟ್ಟಿ, ನಡುವೆ ಎರಡು ಬಿಳಿ, ಪಟ್ಟಿಗಳ ಅಂಚಿನಲ್ಲಿ ಹಣಿಗೆಯ ಹಲ್ಲಿನ ಸಾಲು. ಸೆರಗೂ ಒಡಲೂ ಕೂಡುವ ಕಡೆ ಬೆರಳಾಡಿಸಿದೆ. ಇಳಕಲ್ ಸೀರೆಯಲ್ಲಿ ಒಡಲಿನ ಹಾಸು ಬೇರೆ, ಸೆರಗಿನ ಹಾಸು ಬೇರೆ; ಎರಡರ ಎಳೆಗಳನ್ನೂ ಕುಣಿಕೆಗೆ ಕುಣಿಕೆ ಸಿಕ್ಕಿಸಿ ಮಗ್ಗಕ್ಕೆ ಹೂಡುತ್ತಾರೆ. ಒಂದೊಂದು ಸೀರೆಗೂ ಹೀಗೆ ಹೊಸದಾಗಿ ಜೋಡಿಸಬೇಕು. ಆ ಜೋಡಣೆ ಸಣ್ಣ ಏಣಾಗಿ ಬೆರಳಿಗೆ ತಾಗುತ್ತದೆ. ತಾಗದೆ ನುಣ್ಣಗೆ ಜಾರಿದರೆ ಅದು ಇಳಕಲ್ಲಿನ ವಿನ್ಯಾಸ ಕದ್ದ ಬೇರೆ ಯಾವುದೋ ಸೀರೆ. ಇದು ತಾಗಿತು.

ಅಂಚಿನ ಮೇಲೆ ಅಷ್ಟಿಷ್ಟು ಕಸೂತಿಯೂ ಇತ್ತು. ಇಲ್ಲಿಯೂ ಒಳಮೈಯೇ ಸಾಕ್ಷಿ. ಗವಂತಿ, ಮುರಗಿ ಹೊಲಿಗೆಗಳು ಎರಡೂ ಕಡೆ ಒಂದೇ ತರಹ ಕಾಣಬೇಕು, ಎಲ್ಲಿಯೂ ಗಂಟು ಇರಬಾರದು. ಮಷಿನ್ನಿನ ಕಸೂತಿಯಾದರೆ ಹಿಂದೆ ದಾರ ಸಿಕ್ಕುಸಿಕ್ಕಾಗಿ ಬಿದ್ದಿರುತ್ತದೆ. ನನ್ನ ಸೀರೆಯ ಗೋಪುರವೊಂದರ ಹಿಂದೆ ಒಂದೇ ಒಂದು ಗಂಟಿತ್ತು. ಬೇಸರವಾಗಲಿಲ್ಲ. ಒಲೆಯ ಮೇಲಿನ ಹಾಲು ಉಕ್ಕಿತೋ, ಕೂಸು ಎದ್ದಿತೋ, ಅವಸರದಲ್ಲಿ ದಾರ ಗಂಟು ಹಾಕಿ ಎದ್ದುಹೋಗಿದ್ದಾಳೆ.

ಸಂತೆಯಲ್ಲಿ ಜರಿ ಸೀರೆ ಸಿಗುವುದು ಅಪರೂಪ. ಸಿಕ್ಕರೂ ಖೊಟ್ಟಿ. ಅಸಲಿ ಜರಿಯೆಂದರೆ ರೇಷ್ಮೆ ದಾರಕ್ಕೆ ಬೆಳ್ಳಿಯ ತಂತಿ ಸುತ್ತಿ ಮೇಲೆ ಬಂಗಾರದ ನೀರು ಕುಡಿಸಿದ್ದು. ಬಿಡಿ ಎಳೆಯೊಂದನ್ನು ಉಗುರಿನಿಂದ ಕೆರೆದರೆ ಒಳಗಿನ ಕೆಂಪು ರೇಷ್ಮೆ ಕಾಣುತ್ತದೆ, ಬಿಳಿ ಪ್ಲಾಸ್ಟಿಕ್ಕಿನಂಥದು ಕಂಡರೆ ಬಿಟ್ಟುಬಿಡಬೇಕು. ಅಸಲಿ ಸಂತೆಯ ತನಕ ಬರುವುದೇ ಇಲ್ಲ. ಹಳೆ ಜರಿ ಕೊಳ್ಳುವವರು ಮನೆಬಾಗಿಲಿಗೇ ಬಂದು ತೂಗಿ ಒಯ್ದು, ಸುಟ್ಟು ಬೆಳ್ಳಿ ತೆಗೆಯುತ್ತಾರೆ. ವ್ಯಾಪಾರದ ಲೆಕ್ಕಕ್ಕೆ ಸರಿಯೇ. ಆದರೂ ಯಾರದೋ ಮದುವೆ ಸೀರೆಯನ್ನು ಒಲೆಗೆ ಹಾಕುವುದು ನನಗೆ ಇವತ್ತಿಗೂ ಒಗ್ಗಿಲ್ಲ.

ನಾನು ಕಸೂತಿ ನೋಡುತ್ತ ಕುಂತಾಗ ಪಕ್ಕದಲ್ಲಿ ಒಬ್ಬ ತಾಯಿ ಮಗನಿಗೆ ಶಾಲೆಯ ಅಂಗಿ ಆರಿಸುತ್ತಿದ್ದಳು. ಹುಡುಗನನ್ನು ತಿರುಗಿಸಿ ನಿಲ್ಲಿಸಿ ಬೆನ್ನಿಗೆ ಅಂಗಿ ಹಿಡಿದು, ಭುಜ ಅಳೆದು, ಕಾಲರು ಮಡಚಿ ನೋಡಿ, ಒಲ್ಲೆ ಎಂದು ಗುಡ್ಡೆಗೆ ಎಸೆದಳು. ಮತ್ತೊಂದು. ಅದೂ ಒಲ್ಲೆ. ಪುಕ್ಕಟೆ ಬಟ್ಟೆ ಹಂಚುವ ಕಾರ್ಯಕ್ರಮಗಳನ್ನು ನಾನು ನೋಡಿದ್ದೇನೆ. ಅಲ್ಲಿ ಒಲ್ಲೆ ಎನ್ನುವ ಹಾಗಿಲ್ಲ. ಕೊಟ್ಟದ್ದು ಹಿಡಿದು, ಫೋಟೋಕ್ಕೆ ನಗಬೇಕು. 1948ರ ಹೊತ್ತಿಗೆ ಆಕ್ಸ್‌ಫರ್ಡಿನಲ್ಲಿ ಆಕ್ಸ್‌ಫ್ಯಾಮ್ ಸಂಸ್ಥೆ ದಾನ ಬಂದ ಹಳೆ ವಸ್ತುಗಳ ಅಂಗಡಿ ತೆರೆದು, ಮಾರಿ ಬಂದ ರೊಕ್ಕವನ್ನು ಕಷ್ಟದಲ್ಲಿದ್ದವರಿಗೆ ಕಳಿಸಿತು. ಕೊಂಡವನಿಗೆ ಬೇಕಾದದ್ದು ಸಿಕ್ಕಿತು, ಯಾರೂ ಕೈಯೊಡ್ಡಲಿಲ್ಲ. ನಮ್ಮಲ್ಲಿ ಅಂಶು ಗುಪ್ತಾ 1999ರಲ್ಲಿ ಶುರುಮಾಡಿದ ಗೂಂಜ್ ಇನ್ನೊಂದು ದಾರಿ ಹಿಡಿಯಿತು. ಊರಿನವರು ತಮ್ಮ ಊರಿಗೇ ಬೇಕಾದ ಬಾವಿ ತೋಡಿದರೆ, ದಾರಿ ರಿಪೇರಿ ಮಾಡಿದರೆ, ಅದರ ಕೂಲಿಯಾಗಿ ಬಟ್ಟೆ. ಎರಡೂ ನನಗೆ ಮೆಚ್ಚುಗೆಯೇ. ಆದರೆ ಎರಡು ಅಂಗಿ ಎಸೆದು ಮೂರನೆಯದನ್ನು ಆರಿಸಿಕೊಂಡ ಆ ತಾಯಿಯ ಗತ್ತನ್ನು ಎರ್ರಗಡ್ಡದ ಸಂತೆ ಯಾವ ಸಂಸ್ಥೆಯ ಹಂಗಿಲ್ಲದೆ ಕೊಟ್ಟಿತ್ತು.

ಇಷ್ಟರಲ್ಲಿ ನೆಗೆಣ್ಣಿ ಕಾಣೆಯಾಗಿದ್ದಳು. ಹುಡುಕಿದರೆ ಉಣ್ಣೆ ಬಟ್ಟೆಗಳ ಗುಡ್ಡೆಯ ಮುಂದೆ ಸಿಕ್ಕಳು. ತೊಡುವಂಥ ಹಳೆ ಬಟ್ಟೆಯನ್ನು ಪರವಾನಗಿ ಇಲ್ಲದೆ ಪರದೇಶದಿಂದ ತರಿಸುವಂತಿಲ್ಲ. ಕತ್ತರಿಸಿ ಚಿಂದಿ ಮಾಡಿದ್ದು ಮಾತ್ರ ಪಾಣಿಪತ್ತಿಗೆ ಹೋಗಿ, ಅಲ್ಲಿ ಮತ್ತೆ ನೂಲಾಗಿ ಅಗ್ಗದ ಕಂಬಳಿಯಾಗಬೇಕು. ಹಳೆ ಉಣ್ಣೆಯನ್ನು ಹಿಂಜಿ ಹೊಸ ನೂಲು ತೆಗೆಯುವ ಈ ವಿದ್ಯೆ 1813ರಲ್ಲಿ ಇಂಗ್ಲೆಂಡಿನ ಬ್ಯಾಟ್ಲಿಯಲ್ಲಿ ಹುಟ್ಟಿದ್ದು. ಕತ್ತರಿ ತಪ್ಪಿಸಿಕೊಂಡ ಕೋಟುಗಳು ಸಂತೆಗೆ ಹೇಗೆ ಬರುತ್ತವೆಂದು ಯಾರೂ ಕೇಳುವುದಿಲ್ಲ. ನೆಗೆಣ್ಣಿಯೂ ಕೇಳಲಿಲ್ಲ. ಕಂದು ಬಣ್ಣದ ಗಂಡಸರ ಕೋಟೊಂದನ್ನು ತಿರುವಿ, ಅಸ್ತರು ಎಳೆದು, ಜೇಬಿನೊಳಗೆ ಮೊಣಕೈ ತನಕ ಕೈ ಹಾಕಿ ತೂತು ಹುಡುಕುತ್ತಿದ್ದಳು. ನಾನು ಏನೂ ಅನ್ನಲಿಲ್ಲ.

ಇಳಕಲ್ಲಿನ ಒಡಲು ಕೌದಿಯ ಒಳಪದರಕ್ಕೆ ಹೋಯಿತು. ಸವೆದ ಅರಳೆಯಷ್ಟು ಮೆತ್ತಗಿನದು ಹೊಸದರಲ್ಲಿ ಸಿಗುವುದಿಲ್ಲ; ಕೂಸು ಹುಟ್ಟಿದರೆ ಮೊದಲು ಹಳೆ ಬಟ್ಟೆಯಲ್ಲೇ ಸುತ್ತುವವರಿಗೆ ಇದನ್ನು ಹೇಳಬೇಕಿಲ್ಲ. ಸೆರಗನ್ನು ಕತ್ತರಿಸಲು ಮನಸ್ಸಾಗದೆ ಕೌದಿಯ ಮೇಲ್ಮೈಗೆ ಇಡಿಯಾಗಿ ಹಚ್ಚಿದೆ. ಕಸೂತಿಯ ಆ ಗಂಟನ್ನೂ ಬಿಚ್ಚಲಿಲ್ಲ.

ಚಳಿಗಾಲದಲ್ಲಿ ತೆಲಂಗಾಣದ ಅತಿ ಕಡಿಮೆ ಉಷ್ಣಾಂಶವೆಂದು ಪೇಪರಿನಲ್ಲಿ ಜಹೀರಾಬಾದಿನ ಬಳಿಯ ಕೋಹೀರಿನ ಹೆಸರು ಆಗಾಗ ಬರುತ್ತದೆ. ನಮ್ಮೂರಿನ ಥಂಡಿಯೂ ಅದಕ್ಕೆ ಸೋಲುವಂಥದಲ್ಲ. ನೆಗೆಣ್ಣಿ ಈಗ ಸೀರೆಯ ಮೇಲೆ ಆ ಕೋಟು ಹಾಕಿಕೊಂಡೇ ನಸುಕಿನಲ್ಲಿ ಹೊಲಕ್ಕೆ ಹೋಗುತ್ತಾಳೆ. ಒಂದು ಜೇಬಿನಲ್ಲಿ ಮೊಬೈಲು, ಇನ್ನೊಂದರಲ್ಲಿ ಎಲಿ-ಅಡಕಿ ಚೀಲ, ಒಳಜೇಬಿನಲ್ಲಿ ರೊಕ್ಕ. "ಗಂಡಸರಿಗಿ ಇಷ್ಟ್ ಜೇಬು ಯಾಕ ಬೇಕಿತ್ತವಾ?" ಎಂದು ಕೇಳುತ್ತಾಳೆ. ಓಣಿಯ ಹೆಂಗಸರು ಮುಂದಿನ ಐತವಾರಕ್ಕೆ ತಮಗೂ ಒಂದೊಂದು ಹೇಳಿಟ್ಟಿದ್ದಾರೆ, ಒಳಜೇಬು ಇರಲೇಬೇಕಂತೆ.